ಕೇಶವಯ್ಯ ಬರೆದ ಕಣ್ಣುಗಳು

ಹಿಂದೂಪುರ, 17 ಜನವರಿ 1960

ಬೆಲ್ಲದ ಮಂಡಿಯ ಸಾಹುಕಾರರು ಹೊಸ ವರ್ಷಕ್ಕೆಂದು ಸ್ಟುಡಿಯೋಗೆ ಈ ಡೈರಿ ಕೊಟ್ಟಿದ್ದರು. ಮಾಲೀಕರು ಜಯರಾಮಪ್ಪನವರು ಅದನ್ನು ನನ್ನ ಕಡೆ ನೂಕಿ, "ನೀನೇ ಇಟ್ಕೋ ಕಣಪ್ಪ, ನಂಗೆ ಬರೆಯಾಕೆ ಏನೈತೆ" ಅಂದರು. ಆಗ ನನಗೂ ಏನೂ ಇರಲಿಲ್ಲ. ಈಗ ಮನೆಯಲ್ಲಿ ಮಾತಾಡಲು ಯಾರೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸ್ಟುಡಿಯೋ ಬೋರ್ಡನ್ನು ತೆಲುಗಿನಲ್ಲಿ ಬರೆದವನು ನಾನೇ, ಫಿಲ್ಮು ಡಬ್ಬಿಯ ಮೇಲಿನ ಇಂಗ್ಲಿಷನ್ನೂ ಕೂಡಿಸಿಕೊಂಡು ಓದುತ್ತೇನೆ. ಇದು ಮಾತ್ರ ಮಡಕಶಿರಾದ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಇರಲಿ.

ಹೆಂಡತಿ ಚಿನ್ನಕ್ಕ ಸಂಕ್ರಾಂತಿಯ ಮಾರನೆಯ ದಿನ ಕಲ್ಯಾಣದುರ್ಗಕ್ಕೆ, ತವರಿಗೆ, ಹೊರಟುಹೋದಳು. ಜಗಳ ಆಡಿ ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು. ಪಾತ್ರೆ ತೊಳೆದು ಮಗುಚಿಟ್ಟು, ಒಲೆ ಸಾರಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೋದಳು.

ನನ್ನ ಕಸುಬು ಎಂಥದ್ದೆಂದು ಒಮ್ಮೆ ನಾನೇ ಬರೆದು ನೋಡಬೇಕು. ಈ ಕಡೆ ಬಡವರಿಗೆ ಜೀವಮಾನದಲ್ಲಿ ಒಂದೇ ಫೋಟೋ, ಅದೂ ಜೀವ ಹೋದ ಮೇಲೆ. ಕುರ್ಚಿಯಲ್ಲಿ ಕೂರಿಸಿ ಹಾರ ಹಾಕುತ್ತಾರೆ, ತಲೆ ವಾಲದಂತೆ ಹಿಂದೆ ಒಬ್ಬರು ಹಿಡಿದುಕೊಳ್ಳುತ್ತಾರೆ. ನಾನು ಮೂರು ಕಾಲಿನ ದೊಡ್ಡ ಕ್ಯಾಮೆರಾವನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ತೆಗೆದು ತರುತ್ತೇನೆ. ಆಮೇಲೆ ಪ್ರಿಂಟಿನಲ್ಲಿ ಮುಚ್ಚಿದ ರೆಪ್ಪೆಗಳ ಮೇಲೆ ಸಣ್ಣ ಕುಂಚದಿಂದ ಬಿಳಿ ಹಚ್ಚಿ, ಬಿಳಿಯ ಮೇಲೆ ಕರಿ ಹಚ್ಚಿ, ಕಣ್ಣು ಬರೆಯುತ್ತೇನೆ. ಸತ್ತವರು ಕಣ್ಣು ಬಿಟ್ಟು ಮನೆಯವರನ್ನು ನೋಡುತ್ತಾರೆ. ಅದಕ್ಕೇ ಪೆನುಕೊಂಡದವರೆಗೂ ನನಗೆ ಹೆಸರಿದೆ. ಹೆಣದ ಫೋಟೋ ಕೇಶವಯ್ಯ ಎಂಬ ಹೆಸರು.

ನಮ್ಮ ಮಗಳು ಉಡುಸಲಮ್ಮ ಕಾರ್ತಿಕದಲ್ಲಿ ಜ್ವರ ಬಂದು ಹೋದಳು. ಮನೆದೇವರ ಹೆಸರು ಅವಳಿಗೆ ತೀರ ದೊಡ್ಡದಾಯಿತೆಂದು ಉಡ್ಸಿ ಎಂದೇ ಕರೆಯುತ್ತಿದ್ದೆವು. ಐದು ತುಂಬಿರಲಿಲ್ಲ. ದೇವರಿಗೆ ಮುಡಿ ಕೊಡುವ ತನಕ ಮಗುವಿನ ಫೋಟೋ ತೆಗೆಯಬಾರದು ಎಂದು ಅತ್ತೆ ಶಿವಲಕ್ಷ್ಮಮ್ಮನವರ ಕಟ್ಟಪ್ಪಣೆ. ಮುಡಿ ಈ ವರ್ಷ, ಮುಂದಿನ ವರ್ಷ ಎಂದು ಮುಂದೆ ಹೋಗುತ್ತಲೇ ಇತ್ತು. ಫೋಟೋದವನ ಮಗಳಿಗೆ ಒಂದು ಫೋಟೋ ಇರಲಿಲ್ಲ.

ಅವಳು ಹೋದ ಬೆಳಿಗ್ಗೆ ಚಿನ್ನಕ್ಕ ಯಾರನ್ನೂ ಒಳಗೆ ಬಿಡದೆ ತಾನೊಬ್ಬಳೇ ಮಗುವನ್ನು ಸಿಂಗರಿಸಿ ತಂದು ಕುರ್ಚಿಯಲ್ಲಿ ಕೂರಿಸಿದಳು. ನಾನು ತೆಗೆದೆ. ಊರಿನವರಿಗೆ ತೆಗೆಯುವ ಹಾಗೇ ತೆಗೆದೆ, ಕೈ ನಡುಗಲಿಲ್ಲ. ಪ್ರಿಂಟು ಹಾಕಿ, ಕಣ್ಣು ಬರೆದು, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ಎರಡು ತಿಂಗಳು ಅಲ್ಲೇ ಇತ್ತು, ಚಿನ್ನಕ್ಕ ಒಂದು ಮಾತೂ ಅನ್ನಲಿಲ್ಲ. ಸಂಕ್ರಾಂತಿಯ ದಿನ ಅದರ ಮುಂದೆ ನಿಂತುಕೊಂಡು, ನನ್ನ ಕಡೆ ತಿರುಗದೆ, ಅಂದಳು: "ಇವು ಉಡ್ಸಿ ಕಣ್ಣಲ್ಲ. ಮಂಡಿ ಬೀದೀಲಿ ಎಲ್ಲಾರ ಮನೆ ಗ್ವಾಡೆ ಮ್ಯಾಲೂ ಇವೇ ಕಣ್ಣವೆ. ಕೊಟ್ಟೂರಪ್ಪನ ತಾತಂಗೂ ಇವೇ, ನನ್ ಮಗೀಗೂ ಇವೇನಾ?"

ಮಾರನೆಯ ದಿನ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಅಂದಳು. "ನನ್ ಮಗಳ ಕಣ್ಣ ತಂದ್ಕೊಡಿ. ಬತ್ತೀನಿ."

24 ಜನವರಿ

ಜಯರಾಮಪ್ಪನವರ ಬೀರುವಿನಲ್ಲಿ ಒಂದು ಹಳೇ ಜರ್ಮನ್ ಕ್ಯಾಮೆರಾ ಇತ್ತು. ವರ್ಗವಾಗಿ ಹೋದ ರೈಲ್ವೆ ಇಂಜಿನಿಯರೊಬ್ಬರು ಬಿಟ್ಟುಹೋದದ್ದು. ಒಂದು ಕೈಯಲ್ಲಿ ಹಿಡಿಯುವಷ್ಟೇ ಇದೆ, ತೂಕ ಮಾತ್ರ ಒರಳುಕಲ್ಲಿನದು. ಕೇಳಿದೆ, ಕೊಟ್ಟರು. "ಅದ್ರಾಗೆ ಹೆಣ ತೆಗೀತೀಯೇನಯ್ಯ?" ಎಂದು ನಕ್ಕರು.

ಇದಕ್ಕೆ ರೇಂಜ್ ಫೈಂಡರ್ ಎನ್ನುತ್ತಾರಂತೆ. ಮೇಲೆ ಮೂಲೆಯಲ್ಲಿ ಒಂದು ಕಿಂಡಿ, ಕಣ್ಣಿಟ್ಟರೆ ನಡುವೆ ಹಳದಿ ಮಚ್ಚೆಯಷ್ಟು ಜಾಗ. ಆ ಮಚ್ಚೆಯೊಳಗೆ ಎಲ್ಲವೂ ಎರಡೆರಡಾಗಿ ಕಾಣುತ್ತವೆ. ಲೆನ್ಸಿನ ಬಳೆ ತಿರುಗಿಸುತ್ತಾ ಹೋದರೆ ಎರಡೂ ಹತ್ತಿರ ಬಂದು ಒಂದರ ಮೇಲೊಂದು ಕೂತುಬಿಡುತ್ತವೆ. ಆಗ ಗುಂಡಿ ಒತ್ತಬೇಕು. ನನ್ನ ದೊಡ್ಡ ಕ್ಯಾಮೆರಾದಲ್ಲಿ ಕರಿ ಬಟ್ಟೆಯೊಳಗೆ ತಲೆ ಹಾಕಿದರೆ ಗಾಜಿನ ಮೇಲೆ ಮನುಷ್ಯರು ತಲೆಕೆಳಗಾಗಿ ಕಾಣುತ್ತಾರೆ. ಇಷ್ಟು ವರ್ಷ ಊರನ್ನೆಲ್ಲ ಉಲ್ಟಾ ನೋಡಿಕೊಂಡೇ ಬದುಕಿದೆ. ಇದರಲ್ಲಿ ಜನ ನೆಟ್ಟಗೆ ಕಾಲ ಮೇಲೆ ನಿಂತಿದ್ದಾರೆ, ನೋಡಿ ಒಂದು ಥರಾ ಆಯಿತು.

ನನ್ನ ಲೆಕ್ಕಾಚಾರ ಇಷ್ಟೇ. ಬೀದಿಗೆ ಇಳಿಯುತ್ತೇನೆ. ಓಡಾಡುವ ಮಕ್ಕಳನ್ನು ಅವರಿಗೆ ಗೊತ್ತಾಗದ ಹಾಗೆ ತೆಗೆಯುವುದನ್ನು ಕಲಿಯುತ್ತೇನೆ. ಅಷ್ಟು ಮಕ್ಕಳಲ್ಲಿ ಉಡ್ಸಿಯ ಕಣ್ಣಿನಂಥ ಒಂದು ಜೋಡಿ ಸಿಗದೆ ಇರುತ್ತದೆಯೇ? ಅದನ್ನು ನೋಡಿಕೊಂಡು ಮತ್ತೆ ಬರೆಯುತ್ತೇನೆ. ಚಿನ್ನಕ್ಕ ಬರುತ್ತಾಳೆ.

ಬೆಂಗಳೂರಿನಿಂದ ಸಿನಿಮಾ ಫಿಲ್ಮಿನ ತುಂಡು ತರಿಸಿ, ಡಾರ್ಕ್ ರೂಮಿನಲ್ಲಿ ಕತ್ತರಿಸಿ ಸುತ್ತಿಟ್ಟುಕೊಂಡೆ.

28 ಜನವರಿ

ಬೆಲ್ಲದ ಮಂಡಿಗೆ ಹೋದೆ. ಹೋಗಬಾರದಿತ್ತು.

ಗಾಡಿಗಳು ಬಂದು ನಿಂತಿದ್ದವು, ಜನ ಕಿಕ್ಕಿರಿದಿತ್ತು. ನನ್ನ ಕುತ್ತಿಗೆಯಲ್ಲಿ ಕ್ಯಾಮೆರಾ ಕಂಡದ್ದೇ ತಡ, ಮೂಟೆ ಹೊರುತ್ತಿದ್ದ ಓಬಣ್ಣ ನಿಂತಲ್ಲೇ ನಿಂತ. "ಎವರು ಪೋಯಿನಾರು ಸ್ವಾಮೀ?" ಅಂದ.

"ಯಾರೂ ಹೋಗಿಲ್ಲ ಕಣಪ್ಪ. ಸುಮ್ನೆ ಬಂದೆ."

"ಸುಮ್ನೆ ಬರೋ ಪೈಕಿನಾ ನೀವು?"

ಮಾತು ಮಂಡಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಯಾರೋ ಹೋಗಿದ್ದಾರೆ, ಹೇಳುತ್ತಿಲ್ಲ. ಒಬ್ಬ ಮುದುಕ ತಲೆಯ ಮೇಲಿನ ಟವಲನ್ನೂ ತೆಗೆದುಬಿಟ್ಟ. ತೂಕ ಹಾಕುವವನ ಕಡೆ ಕ್ಯಾಮೆರಾ ಎತ್ತಿದೆ. ಅವನು ಎರಡೂ ಕೈ ತೊಡೆಗೆ ಅಂಟಿಸಿ, ಉಸಿರು ಬಿಗಿಹಿಡಿದು ನಿಂತ. ನನ್ನ ಗಿರಾಕಿಗಳೇ ಇವನಿಗಿಂತ ಸಡಿಲವಾಗಿ ಕೂರುತ್ತಾರೆ. ಅಭ್ಯಾಸಬಲದಿಂದ ನಾನೂ "ಅಲ್ಲಾಡಬೇಡಿ" ಅಂದುಬಿಟ್ಟೆ. ಅಷ್ಟು ಸಾಕಾಯಿತು, ಹೆಂಗಸರು ಮಕ್ಕಳನ್ನು ಎಳೆದುಕೊಂಡು ಗಾಡಿಗಳ ಹಿಂದೆ ಸರಿದರು.

ಆದರೂ ಬಿಡಲಿಲ್ಲ. ಕಿಂಡಿಯಲ್ಲಿ ಕಣ್ಣಿಟ್ಟು, ಎರಡನ್ನು ಒಂದು ಮಾಡಿ, ಒತ್ತಿದೆ. ಗಾಡಿಯ ಚಕ್ರದ ನಡುವಿನಿಂದ ಇಣುಕಿದ ಒಂದು ಹುಡುಗಿ ಚೆನ್ನಾಗಿ ಸಿಕ್ಕಿದಳು. ಇಡೀ ರೋಲು ಮುಗಿಸಿಯೇ ಮನೆಗೆ ಬಂದೆ.

29 ಜನವರಿ

ಫಿಲ್ಮು ತೊಳೆದೆ. ಉದ್ದಕ್ಕೂ ಗಾಜಿನ ಹಾಗೆ ಖಾಲಿ. ಒಂದು ಗೆರೆಯೂ ಇಲ್ಲ.

ಲೆನ್ಸಿನ ಮುಚ್ಚಳ ತೆಗೆದೇ ಇರಲಿಲ್ಲ!

ದೊಡ್ಡ ಕ್ಯಾಮೆರಾದಲ್ಲಿ ಹೀಗೆ ಆಗಲು ಸಾಧ್ಯವೇ ಇಲ್ಲ. ಮುಚ್ಚಳ ಇದ್ದರೆ ಗಾಜಿನ ಮೇಲೆ ಕತ್ತಲೆ, ಕೂಡಲೇ ಗೊತ್ತಾಗುತ್ತದೆ. ಇದರಲ್ಲಿ ನಾನು ನೋಡುವ ಕಿಂಡಿ ಬೇರೆ, ಫಿಲ್ಮಿಗೆ ತೋರಿಸುವ ಲೆನ್ಸು ಬೇರೆ. ಮಂಡಿಯನ್ನೆಲ್ಲ ನಾನು ಕಣ್ಣು ತುಂಬ ನೋಡಿದೆ, ಕ್ಯಾಮೆರಾ ಕಣ್ಣು ಮುಚ್ಚಿಕೊಂಡೇ ಇತ್ತು. ಜಯರಾಮಪ್ಪನವರಿಗೆ ಹೇಳಲಿಲ್ಲ. ಹೇಳಿದರೆ ವರ್ಷವಿಡೀ ಅದನ್ನೇ ಹೇಳಿಕೊಂಡು ನಗುತ್ತಾರೆ.

6 ಫೆಬ್ರವರಿ

ಸೋಮಂದೇಪಲ್ಲಿಗೆ ಹೋಗಿ ತೆಗೆದಿದ್ದ ಮುದುಕಿಯ ಫೋಟೋ ಇವತ್ತು ಕೊಟ್ಟೆ. ಮಗ ಮುನೆಪ್ಪ ಬಂದಿದ್ದ. ಕಣ್ಣು ಬರೆಯುವ ಮೊದಲು, ಯಾವತ್ತೂ ಕೇಳದವನು, ಅವನನ್ನು ಕೇಳಿದ್ದೆ: "ನಿಮ್ಮ ಅವ್ವನ ಕಣ್ಣು ಹೆಂಗಿದ್ವು?"

ಅವನು ತಬ್ಬಿಬ್ಬಾಗಿ ತಂಗಿಯ ಮುಖ ನೋಡಿದ. ತಂಗಿ ಸ್ವಲ್ಪ ಯೋಚಿಸಿ, "ಕಣ್ಣು ಕಣ್ಣಿನಂಗೇ ಇದ್ವು ಸ್ವಾಮಿ" ಅಂದಳು. ನಾನು ಯಾವಾಗಲೂ ಬರೆಯುವುದನ್ನೇ ಬರೆದೆ.

ಇವತ್ತು ಫೋಟೋ ಬಿಚ್ಚಿ ನೋಡಿ ಮುನೆಪ್ಪ ಸ್ಟುಡಿಯೋದ ನೆಲದ ಮೇಲೆ ಕೂತು ಅತ್ತುಬಿಟ್ಟ. "ನಮ್ಮವ್ವ ನನ್ನೇ ನೋಡ್ತಾವ್ಳೆ, ನೋಡಿ ಸ್ವಾಮಿ, ನನ್ನೇ ನೋಡ್ತಾವ್ಳೆ" ಅಂದ. ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ.

ಇದೇ ಕಣ್ಣು ಅವನಿಗೆ ಆಗುತ್ತದೆ, ಊರಿಗೆಲ್ಲ ಆಗುತ್ತದೆ, ಚಿನ್ನಕ್ಕನಿಗೆ ಯಾಕೆ ಆಗಲಿಲ್ಲ? ಸಿಟ್ಟು ಬಂತು. ರಾತ್ರಿ ಊಟ ಮಾಡಲಿಲ್ಲ. ಮಾಡಿದ್ದರೂ ನಾನು ಬೇಯಿಸಿದ ಅನ್ನ ನಾನೇ ತಿನ್ನಬೇಕಿತ್ತು.

14 ಫೆಬ್ರವರಿ

ಕೈ ಸ್ವಲ್ಪ ಕುದುರಿದೆ. ಸ್ಟೇಷನ್ನಿನ ಎದುರಿನ ಟೀ ಅಂಗಡಿಯ ಬೆಂಚು ನನ್ನ ಜಾಗ. ಕ್ಯಾಮೆರಾವನ್ನು ಕಣ್ಣಿಗೆ ಎತ್ತುವುದೇ ಇಲ್ಲ. ಎತ್ತಿದರೆ ತಾನೇ ಜನ ಸೆಟೆದು ನಿಲ್ಲುವುದು? ಬಳೆಯನ್ನು ಮೊದಲೇ ಹತ್ತಡಿಗೆ ತಿರುಗಿಸಿಟ್ಟು, ತೊಡೆಯ ಮೇಲೆ ಟವಲಿನ ಮರೆಯಲ್ಲಿ ಇಟ್ಟುಕೊಂಡು ಕೂರುತ್ತೇನೆ. ಮಕ್ಕಳು ಆ ದೂರಕ್ಕೆ ಬಂದಾಗ ಒತ್ತುತ್ತೇನೆ. ಮುಚ್ಚಳವನ್ನು ಮಾತ್ರ ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತೇನೆ.

ಮೊದಮೊದಲು ಕಾಲು, ಬುಟ್ಟಿ, ಟೀ ಅಂಗಡಿಯವನ ಹೊಟ್ಟೆ ಇವೇ ಬಂದವು. ಈಗ ಮುಖಗಳು ಬರುತ್ತಿವೆ. ತಮ್ಮನನ್ನು ಸೊಂಟದಲ್ಲಿ ಕೂರಿಸಿಕೊಂಡು ರೈಲು ನೋಡುವ ಹುಡುಗಿ, ಕೊಡ ಇಳಿಸಿ ಉಸಿರು ಬಿಡುವ ಹುಡುಗಿ, ಹುಣಸೆ ಮಂಡಿಯ ಹೊರಗೆ ಹಣ್ಣು ಚೀಪುತ್ತಾ ಮುಖ ಕಿವುಚಿಕೊಂಡ ಹುಡುಗಿ.

ಪ್ರಿಂಟು ದೊಡ್ಡದು ಮಾಡಿ ಹಾಕಿದೆ. ನನಗೆ ಮುಖ ಬೇಡ, ಕಣ್ಣಷ್ಟೇ ಸಾಕು. ಕತ್ತರಿಯಿಂದ ಕಣ್ಣಿನ ಪಟ್ಟಿಗಳನ್ನು ಮಾತ್ರ ಕತ್ತರಿಸಿ ಮೇಜಿನ ಮೇಲೆ ಹರಡಿದೆ. ಎಲ್ಲಾ ನನ್ನನ್ನೇ ನೋಡುತ್ತಿದ್ದವು. ಇದರಲ್ಲಿ ಉಡ್ಸಿಯದು ಯಾವುದು?

ಗೊತ್ತಾಗಲಿಲ್ಲ. ಇದಾ ಅಂದರೆ ಇದೇ, ಅದಾ ಅಂದರೆ ಅದೇ. ಬಹಳ ಹೊತ್ತು ಕೂತ ಮೇಲೆ ತಿಳಿಯಿತು, ನನಗೆ ಉಡ್ಸಿಯ ಕಣ್ಣು ನೆನಪಿಲ್ಲ. ಅವಳ ನಡಿಗೆ ನೆನಪಿದೆ. ಬೆಲ್ಲ ಕದ್ದ ಬಾಯಿ ನೆನಪಿದೆ. ಸ್ಟುಡಿಯೋಗೆ ಬಂದಾಗಲೆಲ್ಲ ಅವಳು ಕರಿ ಬಟ್ಟೆಯೊಳಗೆ ನನ್ನ ಜೊತೆ ನುಗ್ಗುತ್ತಿದ್ದಳು. ನಾನು ಒಂದು ಕೈಯಲ್ಲಿ ಎತ್ತಿಕೊಳ್ಳುತ್ತಿದ್ದೆ. ಗಾಜಿನ ಮೇಲೆ ತಲೆಕೆಳಗಾಗಿ ಕೂತ ಜನರನ್ನು ನೋಡಿ ಅವಳು ನಗುವುದು, ನನ್ನ ಕೆನ್ನೆಗೆ ಅವಳ ಉಸಿರು ತಾಗುವುದು. ನಾನು ಆಗಲೂ ಗಾಜನ್ನೇ ನೋಡುತ್ತಿದ್ದೆ. ಅಷ್ಟು ಹತ್ತಿರ ಇದ್ದವಳ ಕಡೆ ಒಂದು ಸಲ ತಿರುಗಿ ನೋಡಲಿಲ್ಲ.

ಇವತ್ತು ಅತ್ತುಬಿಟ್ಟೆ. ಉಡ್ಸಿ ಹೋದ ಮೇಲೆ ಇದೇ ಮೊದಲು.

ಕಲ್ಯಾಣದುರ್ಗ, 21 ಫೆಬ್ರವರಿ

ನನಗೆ ಗೊತ್ತಾಗದಿದ್ದರೆ ಹೆತ್ತವಳಿಗೆ ಗೊತ್ತಾಗುತ್ತದಲ್ಲ ಎಂದು ಪಟ್ಟಿಗಳನ್ನೆಲ್ಲ ಲಕೋಟೆಯಲ್ಲಿ ಹಾಕಿಕೊಂಡು, ಪಾವಗಡದ ಮೇಲೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಧೂಳು ಕುಡಿದು ಇಲ್ಲಿ ಇಳಿದಾಗ ಮಧ್ಯಾಹ್ನ ಕಳೆದಿತ್ತು.

ಮಾವ ಬೈಲಪ್ಪನವರು ಮಗ್ಗದ ಗುಂಡಿಯಲ್ಲಿ ಕೂತು ನೇಯುತ್ತಿದ್ದರು. "ಬಾಪ್ಪ" ಎಂದರು, ಲಾಳಿ ನಿಲ್ಲಿಸಲಿಲ್ಲ. ಅತ್ತೆ ನೀರು ಕೊಟ್ಟು ಒಳಗೆ ಹೋದರು. ಮುಡಿಯ ಮಾತು ಅವರಿಗೂ ಚುಚ್ಚುತ್ತಿರಬೇಕು, ನನ್ನ ಮುಖ ನೋಡುವುದಿಲ್ಲ. ಚಿನ್ನಕ್ಕ ಕಂಬದ ಹತ್ತಿರ ಕೂತು ನೂಲು ಸುತ್ತುತ್ತಿದ್ದಳು. ಸೊರಗಿದ್ದಾಳೆ.

ನಾನು ಚಾಪೆಯ ಮೇಲೆ ಪಟ್ಟಿಗಳನ್ನು ಸಾಲಾಗಿ ಇಟ್ಟೆ. "ನೋಡು. ಇದರಾಗೆ ನಮ್ ಉಡ್ಸಿ ಕಣ್ಣಿನಂಗೆ ಯಾವ್ದಿದ್ರೂ ಹೇಳು. ಅದನ್ನ ನೋಡ್ಕೊಂಡು ಬರೀತೀನಿ" ಅಂದೆ.

ಅವಳು ನೂಲು ಕೆಳಗಿಟ್ಟಳು. ಒಂದೊಂದನ್ನೇ ಎತ್ತಿಕೊಂಡು ನಿಧಾನವಾಗಿ ನೋಡಿದಳು. "ಈ ಮಗ ಅತ್ತು ಮಕ ತೊಳ್ಕೊಂಡು ಬಂದೈತೆ" ಅಂದಳು. ಇನ್ನೊಂದು ಎತ್ತಿ, "ಇವ್ಳು ಯಾರ್ನೋ ಕಾಯ್ತಾವ್ಳೆ" ಅಂದಳು. ಮತ್ತೊಂದಕ್ಕೆ, "ಇದುಕ್ಕೆ ಒಟ್ಟೆ ಅಸಿದೈತೆ." ನಾನು ಒಂದು ವಾರ ಅವನ್ನೇ ನೋಡುತ್ತಾ ಕೂತಿದ್ದೆ, ನನಗೆ ಇದು ಯಾವುದೂ ಕಂಡಿರಲಿಲ್ಲ. ನಾನು ನೋಡಿದ್ದು ಉದ್ದ ಎಷ್ಟು, ಅಗಲ ಎಷ್ಟು, ಕರಿ ಎಷ್ಟು, ಬಿಳಿ ಎಷ್ಟು.

ಎಲ್ಲಾ ನೋಡಿದ ಮೇಲೆ ಅವನ್ನು ಜೋಡಿಸಿ ಲಕೋಟೆಗೆ ಹಾಕಿ ನನ್ನ ಕೈಗೆ ಕೊಟ್ಟಳು. ಧ್ವನಿ ಏರಿಸಲಿಲ್ಲ.

"ಇವ್ಕೆಲ್ಲ ಅವ್ರವ್ರ ಅವ್ವದೀರು ಅವ್ರೆ. ಕತ್ತರಿಸ್ಕೊಂಡು ಬಂದ್ಬುಟ್ರಾ? ವಾಪಸ್ ಕೊಟ್ಬುಡಿ."

ಲಾಳಿಯ ಸದ್ದು ನಿಂತಿತ್ತು. ಮಾವ ನನ್ನ ಕಡೆ ನೋಡಿ ತಲೆ ತಗ್ಗಿಸಿದರು.

ಹಿಂದೂಪುರ, 23 ಫೆಬ್ರವರಿ

ಏನೂ ಮಾಡಲಿಲ್ಲ. ಮಲಗಿದ್ದೆ.

2 ಮಾರ್ಚ್

ಕತ್ತರಿಸಿದ್ದನ್ನು ಹೇಗೆ ಕೊಡುವುದು? ನೆಗೆಟಿವ್ ಇತ್ತಲ್ಲ, ಮುಖ ಸಮೇತ ಎಲ್ಲವನ್ನೂ ಮತ್ತೆ ಪ್ರಿಂಟು ಹಾಕಿದೆ. ಚಿನ್ನಕ್ಕ ಹೇಳಿದ್ದಾಳೆ, ಕೊಡಬೇಕು. ಕೊಟ್ಟರೆ ಬರುತ್ತಾಳೆಂದು ಅವಳೇನೂ ಹೇಳಿಲ್ಲ. ಆದರೂ ಕೊಡಬೇಕು.

ಹುಣಸೆ ಮಂಡಿಗೆ ಹೋದೆ. ಹೆಂಗಸರು ಸಾಲಾಗಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಹಣ್ಣು ಚೀಪುತ್ತಿದ್ದ ಹುಡುಗಿಯ ತಾಯಿ ನರಸಕ್ಕ ಎಂದು ಗೊತ್ತಾಯಿತು. ಲಕೋಟೆ ಹಿಡಿದು ಹತ್ತಿರ ಹೋದೆನೋ ಇಲ್ಲವೋ, ಅವಳು ಮಗಳನ್ನು ಎಳೆದು ಬೆನ್ನ ಹಿಂದೆ ಹಾಕಿಕೊಂಡಳು.

"ನನ್ ಮಗಳು ಗಟ್ಟಿಮುಟ್ಟಾಗವ್ಳೆ. ನಮ್ ತಾವ ಯಾಕ್ ಬಂದ್ರಿ?"

ನಾನು ಪ್ರಿಂಟು ಕೊಟ್ಟೆ. ಹುಣಸೆ ಕೈಯನ್ನು ಸೀರೆಗೆ ಉಜ್ಜಿಕೊಂಡು ಎರಡು ಬೆರಳಲ್ಲಿ ಹಿಡಿದಳು. ನೋಡಿದಳು. ಪಕ್ಕದವಳಿಗೆ ತೋರಿಸಿದಳು. "ಅಯ್ಯೋ, ಇದು ಹಿಂಗೂ ಮಕ ಕಿವುಚ್ತದಾ! ಏಯ್ ನೋಡೇ, ನೀನೇ ಕಣೇ ಇದು!" ಸಾಲಿನ ಹೆಂಗಸರೆಲ್ಲ ಎದ್ದು ಬಂದರು, ನಗುವೋ ನಗು. ಆಮೇಲೆ ನರಸಕ್ಕನಿಗೆ ಭಯವಾಯಿತು. ದೃಷ್ಟಿಯಾದೀತೆಂದು ಮಗಳ ಕಣ್ಣಂಚಿನ ಕಾಡಿಗೆಯನ್ನು ಬೆರಳ ತುದಿಯಿಂದ ಒರೆಸಿ, ಫೋಟೋದ ಕೆನ್ನೆಗೆ ಒಂದು ಚುಕ್ಕೆ ಇಟ್ಟಳು. ಅಷ್ಟು ಚೊಕ್ಕವಾಗಿ ಬಂದಿದ್ದ ಪ್ರಿಂಟಿನ ಮೇಲೆ ಕರಿ ಮಸಿ! ಮೈಯೆಲ್ಲ ಉರಿಯಿತು. ಆದರೆ ಅವಳು ಹಚ್ಚಿದ ಬೆರಳು ಎಷ್ಟು ಮೆತ್ತಗೆ ಹೋಯಿತೆಂದರೆ, ನನ್ನ ಕುಂಚ ಅಷ್ಟು ಮೆತ್ತಗೆ ಹೋಗುವುದಿಲ್ಲ.

ಒಂದು ಸೆರೆ ಹುಣಸೆಹಣ್ಣು ಕಟ್ಟಿ ಕೊಟ್ಟಳು. ಸಾರು ಮಾಡಿದೆ. ಉಪ್ಪು ಜಾಸ್ತಿಯಾಯಿತು, ಆದರೂ ಉಂಡೆ.

9 ಮಾರ್ಚ್

ಬೀದಿಯಲ್ಲಿ ನೆಮ್ಮದಿಯಿಂದ ನಡೆಯಲು ಬಿಡುತ್ತಿಲ್ಲ. ಮಕ್ಕಳು ಹಿಂದೆ ಬೀಳುತ್ತವೆ. ಮೂಟೆ ಓಬಣ್ಣ ಇವತ್ತು ಬೆಲ್ಲದ ಮೂಟೆ ಹೊತ್ತುಕೊಂಡೇ ನಿಂತು, "ಸ್ವಾಮೀ, ನಂದೊಂದು ಹೊಡೀರಿ, ಬ್ಯಾಗ ಹೊಡೀರಿ, ಕುತ್ತಿಗೆ ಮುರೀತೈತೆ" ಎಂದು ಕೂಗಿದ. ಹೊಡೆದೆ. ಕೆಲಸಕ್ಕೆ ಬಾರದ ಫೋಟೋ, ನಗುತ್ತಾ ಇದ್ದ, ಕಣ್ಣು ಮುಚ್ಚಿಹೋಗಿದ್ದವು.

ಉಡ್ಸಿಯ ಕಣ್ಣು ಇನ್ನೂ ಸಿಕ್ಕಿಲ್ಲ. ಈಚೆಗೆ ಹುಡುಕುವುದನ್ನು ಮರೆತುಬಿಡುತ್ತೇನೆ, ಮನೆಗೆ ಬಂದ ಮೇಲೆ ನೆನಪಾಗುತ್ತದೆ. ಇಂಥ ಅಪ್ಪನೂ ಉಂಟೇ.

13 ಮಾರ್ಚ್

ಇವತ್ತು ಗೋಡೆಯಿಂದ ಉಡ್ಸಿಯ ಫೋಟೋ ಇಳಿಸಿದೆ. ಹೊಸ ಕಣ್ಣು ಸಿಗಲಿ ಬಿಡಲಿ, ಈ ಹಳೇ ಕಣ್ಣು ಇನ್ನು ನನಗೂ ನೋಡಲು ಆಗುತ್ತಿಲ್ಲ. ಬೀದಿಯ ಮಕ್ಕಳ ಕಣ್ಣು ನೋಡಿ ನೋಡಿ, ಇದು ಬರೀ ಬಣ್ಣ ಎಂಬುದು ಈಗ ನನಗೇ ಕಾಣುತ್ತಿದೆ. ಅವಳು ನನ್ನನ್ನು ನೋಡುತ್ತಿಲ್ಲ. ಯಾರನ್ನೂ ನೋಡುತ್ತಿಲ್ಲ.

ಕಟ್ಟು ಬಿಚ್ಚಿ, ಹಿತ್ತಲ ಬಾಗಿಲ ಬೆಳಕಿನಲ್ಲಿ ಕೂತು, ಹತ್ತಿಯನ್ನು ನೀರಲ್ಲಿ ಅದ್ದಿ ಹಿಂಡಿ ಒರೆಸಿದೆ. ಮೊದಲು ಕರಿ ಹೋಯಿತು, ಆಮೇಲೆ ಬಿಳಿ. ಹತ್ತಿ ಬದಲಾಯಿಸುತ್ತಾ ಒರೆಸಿದೆ. ಒಳಗಿನಿಂದ ರೆಪ್ಪೆಗಳು ಬಂದವು.

ರೆಪ್ಪೆಯ ಅಂಚಿಗೆ ಕಾಡಿಗೆ ಇತ್ತು.

ಎರಡೂ ಕಣ್ಣಿಗೆ. ಬಲಗಣ್ಣಿನದು ನೀಟಾಗಿದೆ. ಎಡಗಣ್ಣಿನದು ನಡುವೆ ಎಡವಿ ಕೆನ್ನೆಯ ಕಡೆಗೆ ಇಳಿದಿದೆ. ಆ ಬೆಳಿಗ್ಗೆ ಒಳಗೆ ಬಾಗಿಲು ಹಾಕಿಕೊಂಡು ಚಿನ್ನಕ್ಕ ಹಚ್ಚಿದ್ದು. ಮಗಳಿಗೆ ಅವಳು ಮಾಡಿದ ಕೊನೆಯ ಕೆಲಸ. ನಾನು ಕ್ಯಾಮೆರಾದಲ್ಲಿ ನೋಡಿದ್ದೆ, ನೆಗೆಟಿವ್‌ನಲ್ಲಿ ನೋಡಿದ್ದೆ, ಪ್ರಿಂಟಿನಲ್ಲಿ ನೋಡಿದ್ದೆ. ಸೊಟ್ಟ ಗೆರೆ, ಹೇಗೂ ಮುಚ್ಚಿಹೋಗುತ್ತದೆ ಎಂದುಕೊಂಡು ಅದರ ಮೇಲೆಯೇ ಬಿಳಿ ಬಳಿದಿದ್ದೆ. ಎರಡು ತಿಂಗಳು ಅವಳು ಆ ಬಿಳಿಯನ್ನು ನೋಡುತ್ತಾ ಈ ಮನೆಯಲ್ಲಿ ಅಡಿಗೆ ಮಾಡಿ ನನಗೆ ಬಡಿಸಿದಳು.

ಇನ್ನು ಬರೆಯಲಾರೆ.

ಕಲ್ಯಾಣದುರ್ಗ, 20 ಮಾರ್ಚ್

ಮಾವನ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಇನ್ನೂ ಬೆಳಕಿದೆ.

ಮೊದಲ ಬಸ್ಸಿಗೇ ಹೊರಟು ಬೆಳಿಗ್ಗೆಯೇ ಬಂದವನು ಫೋಟೋವನ್ನು ಚಿನ್ನಕ್ಕನ ಕೈಯಲ್ಲಿಟ್ಟೆ. ಬಟ್ಟೆ ಬಿಚ್ಚಿದಳು. ಮುಚ್ಚಿದ ಕಣ್ಣಿನ ಮಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಎಡಗಣ್ಣಿನ ಸೊಟ್ಟ ಗೆರೆಯ ಮೇಲೆ ಬೆರಳಿಟ್ಟಳು.

"ಕೈ ನಡುಗ್ಬುಡ್ತು" ಅಂದಳು. "ಒರೆಸಿ ಇನ್ನೊಂದ್ಸಲ ಹಚ್ಚಾನ ಅಂದ್ಕೊಂಡೆ. ಒರೆಸಿದ್ರೆ ಎಚ್ಚರ ಆಗ್ಬುಡ್ತಾಳೇನೋ ಅನ್ನಿಸ್ತು. ನೋಡಿ ನನ್ ಬುದ್ಧಿ."

"ನಾನು ಅದ್ರ ಮೇಲೇ ಬಳಿದ್ಬುಟ್ಟೆ ಕಣೆ."

"ಊಂ."

"ಅವಳ ಕಣ್ಣು ಸಿಗಲಿಲ್ಲ. ಬೀದೀಲೆಲ್ಲ ಹುಡುಕಿದೆ. ನಾನು ಅವಳ ಕಣ್ಣು ಒಂದ್ ದಿನಾನೂ ಸರಿಯಾಗಿ ನೋಡಿಲ್ಲ ಚಿನ್ನಾ. ಹೆಂಗಿದ್ವು? ನೀನಾದ್ರೂ ಹೇಳು, ಕೇಳ್ತೀನಿ."

ಅವಳು ಮೂಲೆಯಲ್ಲಿದ್ದ ನೂಲಿನ ಬುಟ್ಟಿಯ ಕಡೆ ನೋಡಿದಳು. ಆಮೇಲೆ ತುಂಬ ಸಣ್ಣ ಧ್ವನಿಯಲ್ಲಿ ಹೇಳಿದಳು.

"ನಂಗೂ ಮರ್ತೋಗ್ತಾ ಐತೆ. ಆ ಬಣ್ಣದ್ ಕಣ್ಣ ದಿನಾ ನೋಡಿ ನೋಡಿ, ಕಣ್ಮುಚ್ಚಿದ್ರೆ ಅವೇ ಬರೋವು. ನನ್ ಮಗಳ್ವು ಬರ್ತಾನೇ ಇರ್ಲಿಲ್ಲ. ಇರೋದಷ್ಟಾದ್ರೂ ಉಳೀಲಿ ಅಂತ ಓಡಿ ಬಂದ್ಬುಟ್ಟೆ. ಇಲ್ಲೂ ಬರ್ಲಿಲ್ಲ ಕಣ್ರೀ, ಇಲ್ಲೂ ಬರ್ಲಿಲ್ಲ."

ಅವಳು ಅಳುವಾಗ ನಾನು ಎಲ್ಲಿ ಕೂರಬೇಕೆಂದು ಗೊತ್ತಾಗದೆ ಪಕ್ಕದಲ್ಲಿ ಕೂತೆ. ಇಬ್ಬರ ನಡುವೆ ಫೋಟೋ ಇತ್ತು. ಅಳು ನಿಂತ ಮೇಲೂ ಇಬ್ಬರೂ ಅದನ್ನೇ ನೋಡುತ್ತಿದ್ದೆವು. ಕಣ್ಣು ಮುಚ್ಚಿ, ಸ್ವಲ್ಪ ಬಾಯಿ ತೆರೆದು, ಮಧ್ಯಾಹ್ನ ಚಾಪೆಯ ಮೇಲೆ ಬಿದ್ದುಕೊಳ್ಳುತ್ತಿದ್ದವಳು ಅವಳೇ. ಈ ನಿದ್ದೆಯ ಮುಖ ಇಬ್ಬರಿಗೂ ನೆನಪಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ, "ಯುಗಾದಿ ಕಳ್ಕೊಂಡು ಓಗೀವಂತೆ ಕಣಮ್ಮ" ಎಂದು ಚಿನ್ನಕ್ಕನಿಗೆ ಹೇಳಿದರು. ಚಿನ್ನಕ್ಕ ನನಗೆ ಇನ್ನೊಂದು ಸೌಟು ಸಾರು ಬಡಿಸುತ್ತಾ, "ಈ ವರ್ಸ ನಮ್ಗೆ ಅಬ್ಬ ಇಲ್ವಲ್ಲವ್ವ. ಇಲ್ಲಿ ಕೂತ್ರೇನು, ಅಲ್ಲಿ ಕೂತ್ರೇನು" ಅಂದಳು. ಮಾವ ಎದ್ದು ಹೋಗಿ ನಾಳೆ ಬೆಳಗಿನ ಬಸ್ಸಿನ ಹೊತ್ತು ಕೇಳಿಕೊಂಡು ಬಂದರು.

ಈಗ ಸ್ವಲ್ಪ ಹೊತ್ತಿನ ಕೆಳಗೆ ಅವಳು ಮುಖ ತೊಳೆದುಕೊಂಡು ಬಂದು ಮಗ್ಗದ ಕೋಣೆಯ ಹೊಸಿಲ ಮೇಲೆ ಕೂತಳು. ಇಳಿಬಿಸಿಲು ಅವಳ ಮುಖಕ್ಕೆ ಬೀಳುತ್ತಿತ್ತು. ನನ್ನ ಚೀಲದ ಕಡೆ ಗಲ್ಲ ತೋರಿಸಿ, "ಅದನ್ನ ತೆಗೀರಿ. ನಂದೊಂದು ತೆಗೀರಿ. ಇಲ್ಲಾಂದ್ರೆ ನಾಳೆ ನಂಗೂ ಕೊಟ್ಟೂರಪ್ಪನ ತಾತನ ಕಣ್ಣೇ ಬರ್ದ್ಬುಡ್ತೀರಿ" ಅಂದಳು.

ಕ್ಯಾಮೆರಾ ತೆಗೆದೆ. ಟವಲಿನ ಮರೆ ಬೇಕಿರಲಿಲ್ಲ, ಕಣ್ಣಿಗೆ ಎತ್ತಿದೆ. ಹಳದಿ ಮಚ್ಚೆಯಲ್ಲಿ ಎರಡು ಚಿನ್ನಕ್ಕ ಇದ್ದರು. ಬಳೆ ತಿರುಗಿಸಿದೆ, ಹತ್ತಿರ ಬಂದರು, ಒಂದಾದರು. ಅಷ್ಟರಲ್ಲಿ ನನ್ನ ಕಣ್ಣಿಗೆ ನೀರು ಬಂದು ಮತ್ತೆ ಎರಡಾದರು. ಒರೆಸಿಕೊಂಡು ಮತ್ತೆ ತಿರುಗಿಸಿದೆ. ಬೆರಳು ಗುಂಡಿಯ ಮೇಲಿತ್ತು.

"ರೀ" ಅಂದಳು ಚಿನ್ನಕ್ಕ. "ಅದ್ರ ಕಣ್ಣು ಮುಚ್ಚೈತೆ."

ಮುಚ್ಚಳ ಹಾಗೇ ಇತ್ತು. ಕಿಂಡಿಯಿಂದ ನೋಡುತ್ತಿದ್ದ ನನಗೆ ಅದು ಕಂಡಿರಲಿಲ್ಲ, ಎದುರು ಕೂತವಳಿಗೆ ಕಂಡಿತು. ತೆಗೆದು ಜೇಬಿಗೆ ಹಾಕಿಕೊಂಡು ಮತ್ತೆ ಕಣ್ಣಿಟ್ಟೆ. ಅವಳು ರೆಪ್ಪೆ ಹೊಡೆಯದೆ ನನ್ನನ್ನೇ ನೋಡುತ್ತಾ ಕಾಯುತ್ತಿದ್ದಳು.